ಹೋಟೆಲಿನಲ್ಲಿ ಸಸ್ಯಾಹಾರ: ಮೊದಲು ಬೋರ್ಡ್ ಓದಿ, ಆಮೇಲೆ ಕೇಳಿ

ಮಂಗಳವೇಢೆ: ಆಸ್ಪತ್ರೆ, ಕೋರ್ಟು, ಸಂತೆ ಎಂದು ನಮ್ಮ ಭಾಗದ ಜನ ಸೊಲ್ಲಾಪುರ, ಪಂಢರಪುರಕ್ಕೆ ಹೋಗುವುದು ಇದ್ದದ್ದೇ. ಕಟ್ಟಿಕೊಂಡ ಬುತ್ತಿ ಮುಗಿದರೆ ಹೋಟೆಲೇ ಗತಿ. ಮೊಟ್ಟೆಯನ್ನೂ ಮುಟ್ಟದ ಹಿರಿಯರು ಜೊತೆಗಿದ್ದರೆ ಎಲ್ಲಿ ಉಣ್ಣುವುದೆಂಬ ಚಿಂತೆ. ಅನುಮಾನದಿಂದ ಬರೀ ಚಹಾ ಕುಡಿದು ದಿನ ಕಳೆಯುವವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರಿಗೆ ಈ ಉಪವಾಸ ಅಪಾಯಕಾರಿ.

ಮೊದಲು ಬೋರ್ಡ್ ನೋಡಿ. ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ 'ಶುದ್ಧ ಶಾಕಾಹಾರಿ' ಎಂದಿದ್ದರೆ ಆ ಅಡುಗೆಮನೆಯಲ್ಲಿ ಮಾಂಸ, ಮೊಟ್ಟೆ ಬೇಯಿಸುವುದಿಲ್ಲ ಎಂದರ್ಥ. 'ಲಿಂಗಾಯತ ಖಾನಾವಳಿ' ಎಂದರೂ ಸಸ್ಯಾಹಾರವೇ. 'ವೆಜ್-ನಾನ್‌ವೆಜ್' ಎಂದಿದ್ದರೆ ಎರಡೂ ಒಂದೇ ಒಲೆಯ ಮೇಲೆ ಆಗಬಹುದು. 'ಸಾವಜಿ' ಎಂಬ ಹೆಸರು ಮಾಂಸದೂಟಕ್ಕೇ ಪ್ರಸಿದ್ಧ.

ಎರಡೂ ಇರುವ ಹೋಟೆಲಿಗೇ ಹೋಗಬೇಕಾಗಿ ಬಂದರೆ ಕೂರುವ ಮೊದಲೇ ಮೂರು ಮಾತು ಕೇಳಿ. ಕರಿಯುವ ಎಣ್ಣೆ ಬೇರೆ ಇದೆಯೇ? ಸೌಟು, ಪಾತ್ರೆ ಬೇರೆಯೇ? ಗ್ರೇವಿಗೆ ಮಾಂಸದ ರಸ ಹಾಕುತ್ತೀರಾ? ಪಲ್ಯದಲ್ಲಿ ತುಂಡು ಇಲ್ಲವೆಂದ ಮಾತ್ರಕ್ಕೆ ಅದು ಸಸ್ಯಾಹಾರವಾಗದು. ಭಜಿ ಕರಿದ ಎಣ್ಣೆಯಲ್ಲೇ ಮೀನು ಕರಿದಿರಬಹುದು. ಕೇಳುವುದರಲ್ಲಿ ಸಂಕೋಚ ಬೇಡ, ದುಡ್ಡು ಕೊಡುವವರು ನೀವು. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಪೊಟ್ಟಣದ ತಿಂಡಿಗೆ ಗುರುತು ಸುಲಭ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು. ಬಣ್ಣ ಗುರುತಿಸಲಾಗದವರಿಗೂ ತಿಳಿಯಲೆಂದು 2020ರ ನಿಯಮದಲ್ಲಿ ಅದನ್ನು ಕಂದು ತ್ರಿಕೋನ ಮಾಡಲಾಯಿತು. ಮೊಟ್ಟೆಯೂ ಕಾನೂನಿನ ಲೆಕ್ಕದಲ್ಲಿ ಮಾಂಸಾಹಾರವೇ. ಹಾಲು, ಜೇನು ಅಲ್ಲ. ಬೇಕರಿಯ ಬಿಡಿ ಕೇಕಿಗೆ ಗುರುತು ಕಾಣದಿದ್ದರೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ.

ಏಕಾದಶಿ ಹಿಡಿದವರಿಗೆ ಪಂಢರಪುರದ ಕಡೆ ಸಾಬೂದಾಣಿ ಖಿಚಡಿ, ವರಿ ಅನ್ನ (ಮರಾಠಿಯಲ್ಲಿ ಭಗರ) ಸಿಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೇಡದವರು 'ಜೈನ್' ಎಂದು ಹೇಳಿದರೆ ಸಾಕು, ಅಡುಗೆಯವರಿಗೆ ತಿಳಿಯುತ್ತದೆ.

ಉಳಿದ ದಿನ ಏನು ತರಿಸುವುದೆಂದು ತೋಚದಿದ್ದರೆ ನಮ್ಮ ಊಟವನ್ನೇ ಕೇಳಿ: ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ ಬದನೆ, ಸೊಲ್ಲಾಪುರದ ಶೇಂಗಾ ಚಟ್ನಿ. 2016ರಲ್ಲಿ ಭೌಗೋಳಿಕ ಗುರುತು ಪಡೆದದ್ದು ನಮ್ಮ ಮಂಗಳವೇಢೆಯ ಜೋಳವೇ. ಅಪ್ಪ-ಅವ್ವನನ್ನು ಹಸಿವಿನಲ್ಲಿ ಕೂರಿಸದಿರಿ. ಎರಡು ಭಾಷೆ ಬಲ್ಲ ನಮಗೆ ಕೇಳಿ ತಿಳಿಯುವುದು ಕಷ್ಟವಲ್ಲ.