ಸಿವಿಲ್ ಹುಡುಗನಿಗೆ ಸಿ ಯಾಕೆ?

ಎಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಸೈಕಲ್‌ನಲ್ಲಿ ಕುಳಿತ ಸಿವಿಲ್, ಮೆಕ್ಯಾನಿಕಲ್ ಹುಡುಗರು ಗೊಣಗಿಕೊಳ್ಳುತ್ತಿದ್ದ ಪ್ರಶ್ನೆ ಇದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ಸಿಸಿಪಿ, ಅಂದರೆ ‘ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್’, ಯಾವ ಬ್ರಾಂಚ್‌ನವರನ್ನೂ ಬಿಡುತ್ತಿರಲಿಲ್ಲ. ಈ ಕಡ್ಡಾಯದ ಬೇರು ಹುಡುಕಿಕೊಂಡು ಹೋದರೆ ಬೆಂಗಳೂರಿಗಿಂತ ಮೊದಲು ಕಾನ್ಪುರ ಸಿಗುತ್ತದೆ.

1963ರ ಆಗಸ್ಟ್‌ನಲ್ಲಿ ಅಲ್ಲಿನ ಐಐಟಿಗೆ ಐಬಿಎಂ 1620 ಯಂತ್ರ ಬಂತು. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಸೇರಿ ಆ ಸಂಸ್ಥೆಯನ್ನು ಕಟ್ಟಲು ನೆರವಾಗುತ್ತಿದ್ದ ಕಾಲ. ಯಂತ್ರದ ಜೊತೆಗೆ ಹ್ಯಾರಿ ಹಸ್ಕಿಯಂಥ ಅನುಭವಿ ಕಂಪ್ಯೂಟರ್ ತಜ್ಞರೂ ಬಂದರು. ಎಲೆಕ್ಟ್ರಿಕಲ್ ವಿಭಾಗವನ್ನೂ ಕಂಪ್ಯೂಟರ್ ಕೇಂದ್ರವನ್ನೂ ನೋಡಿಕೊಳ್ಳುತ್ತಿದ್ದವರು ಎಚ್.ಕೆ. ಕೇಶವನ್. 1620 ಅಂಥ ಬಲಶಾಲಿ ಯಂತ್ರವೇನಲ್ಲ. ಕೂಡುವುದಕ್ಕೂ ಮೆಮೊರಿಯಲ್ಲಿಟ್ಟ ಕೋಷ್ಟಕ ನೋಡಿಕೊಳ್ಳುತ್ತಿತ್ತು. ‘ಕೂಡಲು ಬರುವುದಿಲ್ಲ, ಪ್ರಯತ್ನವನ್ನೂ ಮಾಡುವುದಿಲ್ಲ’ ಎಂದು ಬಳಸುವವರೇ ತಮಾಷೆ ಮಾಡುತ್ತಿದ್ದರು.

ಆದರೆ ಅದರಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓಡುತ್ತಿತ್ತು. ಅದಕ್ಕೂ ಮೊದಲು ಕಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ (ಐಎಸ್ಐ), ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನಲ್ಲಿ ಕಂಪ್ಯೂಟರ್‌ಗಳು ಇದ್ದವು. ಅವುಗಳ ಹತ್ತಿರ ಹೋಗಬೇಕಾದರೆ ಯಂತ್ರಭಾಷೆ ಕಲಿತಿರಬೇಕಿತ್ತು. ಫೋರ್ಟ್ರಾನ್ ಬಂದ ಮೇಲೆ ಸೂತ್ರ ಬರೆಯಬಲ್ಲವನು ಪ್ರೋಗ್ರಾಮನ್ನೂ ಬರೆಯಬಹುದಾಯಿತು. ತೊಲೆಯ ಬಾಗುವಿಕೆ ಲೆಕ್ಕ ಹಾಕುವ ಸಿವಿಲ್ ವಿದ್ಯಾರ್ಥಿಗೆ ನಡುವೆ ಪರಿಣತನೊಬ್ಬ ಬೇಕಿರಲಿಲ್ಲ. ಕಾನ್ಪುರ ಹಿಡಿದ ಎಳೆ ಇದೇ: ಲೆಕ್ಕ ಯಾರದೋ ಪ್ರೋಗ್ರಾಮೂ ಅವರದೇ. ಬಿ.ಟೆಕ್‌ನ ಎಲ್ಲ ವಿಭಾಗಗಳಿಗೂ ಪ್ರೋಗ್ರಾಮಿಂಗ್ ಕಡ್ಡಾಯವಾಯಿತು. ಬೇರೆ ಕಾಲೇಜುಗಳ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಕೆಲವೇ ದಿನಗಳ ಬಿರುಸಿನ ತರಗತಿಗಳು ನಡೆದವು. ಕಲಿತು ಊರಿಗೆ ಮರಳಿದ ಅವರೇ ಮುಂದೆ ಕಲಿಸುವವರಾದರು.

ಕಲಿಕೆ ಸಲೀಸಾಗಿರಲಿಲ್ಲ. ಒಂದು ಸಾಲಿಗೆ ಒಂದು ಪಂಚ್ ಕಾರ್ಡು, ಕಾರ್ಡಿಗೆ 80 ಕಾಲಂ, ಆಜ್ಞೆ ಏಳನೆಯದರಿಂದ 72ನೆಯದರ ಒಳಗೇ ಇರಬೇಕು. ಒಂದು ಅಲ್ಪವಿರಾಮ ತಪ್ಪಿದರೆ ಕಾರ್ಡು ಮತ್ತೆ ತೂತು ಮಾಡಿಸಿ ಸರದಿಗೆ ನಿಲ್ಲಬೇಕು. ಹಾಗಾಗಿ ಯಂತ್ರದ ಮುಂದೆ ಹೋಗುವ ಮೊದಲು ಕಾಗದದ ಮೇಲೇ ಪ್ರೋಗ್ರಾಮನ್ನು ಓಡಿಸಿ ನೋಡುವುದು ಅನಿವಾರ್ಯವಾಗಿತ್ತು. ಈಗಿನ ಲ್ಯಾಬ್‌ಗಳಲ್ಲಿ ಅತ್ಯಂತ ಅಪರೂಪವಾಗಿರುವ ಕೌಶಲ ಅದೇ ಎಂದು ನನ್ನ ಅನಿಸಿಕೆ.

1963ರಲ್ಲೇ ಕಾನ್ಪುರ ಸೇರಿದ ವಿ. ರಾಜಾರಾಮನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದವರು. ಅವರ ಪಾಠದ ಟಿಪ್ಪಣಿಗಳು ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಪುಸ್ತಕವಾಗಿ 1969ರಲ್ಲಿ ಹೊರಬಂದವು. ವಿದೇಶಿ ಪಠ್ಯಪುಸ್ತಕ ಕೈಗೆಟುಕದ ದಿನಗಳಲ್ಲಿ ಅಗ್ಗದ ದೇಶೀ ಪುಸ್ತಕ ಮಾಡಿದ ಕೆಲಸ ಯಂತ್ರದ್ದಕ್ಕಿಂತ ಕಡಿಮೆಯದಲ್ಲ. ಯಂತ್ರವಿದ್ದದ್ದು ಕಾನ್ಪುರದಲ್ಲಿ, ಪುಸ್ತಕ ಹೋಗದ ಊರಿರಲಿಲ್ಲ. ಮೈಸೂರಿನ ಎನ್ಐಇಯಿಂದ ಎಂ.ಟೆಕ್‌ಗೆಂದು ಹೋದ ಎನ್.ಆರ್. ನಾರಾಯಣಮೂರ್ತಿ ಕಾನ್ಪುರದಿಂದ ಪದವಿ ಪಡೆದದ್ದೂ 1969ರಲ್ಲೇ. ರಾಜಾರಾಮನ್ 1982ರಲ್ಲಿ ಮತ್ತೆ ಬೆಂಗಳೂರಿನ ತಮ್ಮ ಹಳೆಯ ಸಂಸ್ಥೆಗೆ ಬಂದರು. ಭಾಷೆಗಳು ಬದಲಾದಂತೆ ಕೋಬಾಲ್, ಪ್ಯಾಸ್ಕಲ್, ಸಿ ಎಂದು ಅವರ ಪುಸ್ತಕಗಳೂ ಬದಲಾಗುತ್ತ ಹೋದವು.

ಅವರು ಬೆಂಗಳೂರಿಗೆ ಮರಳುವ ಹೊತ್ತಿಗೆ ಗಾಳಿಯ ದಿಕ್ಕು ಬದಲಾಗಿತ್ತು. ಐಬಿಎಂ ದೇಶ ಬಿಟ್ಟು ಹೋಗಿತ್ತು, ದೇಶಕ್ಕೆ ಪ್ರೋಗ್ರಾಮರ್‌ಗಳು ಬೇಕಿದ್ದರು. ರಾಜಾರಾಮನ್ ಅಧ್ಯಕ್ಷತೆಯ ಸಮಿತಿಯೇ ಪದವೀಧರರಿಗೆ ಮೂರು ವರ್ಷದ ಎಂಸಿಎ ಶಿಫಾರಸು ಮಾಡಿತು. ಲೆಕ್ಕ ಇದ್ದವನಿಗೆ ಸಾಧನವಾಗಿದ್ದ ವಿದ್ಯೆ, ಕೆಲಸ ಬೇಕಾದವನಿಗೆ ಅರ್ಹತೆಯಾಯಿತು. ಇದನ್ನು ನಾನು ಅವನತಿ ಎನ್ನಲಾರೆ, ಬಿ.ಎಸ್ಸಿ., ಬಿ.ಕಾಂ. ಮುಗಿಸಿ ದಾರಿ ಕಾಣದಿದ್ದ ಎಷ್ಟೋ ಮನೆಗಳ ದೀಪ ಹಚ್ಚಿದ್ದು ಎಂಸಿಎ.

1998ರಲ್ಲಿ ವಿಟಿಯು ಹುಟ್ಟಿತು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂತು. ಕಾನ್ಪುರದ ‘ಎಲ್ಲರಿಗೂ’ ಇಲ್ಲಿ ಸಿಸಿಪಿ ರೂಪದಲ್ಲಿ ಬಂತು, ಆದರೆ ಲೆಕ್ಕ ಬೇರೆಯವರದಾಯಿತು. ಟರ್ಬೊ ಸಿಯ ನೀಲಿ ಪರದೆ, ಬಾಲಗುರುಸಾಮಿಯವರ ಪುಸ್ತಕ, ಅಚ್ಚುಕಟ್ಟಾದ ಲ್ಯಾಬ್ ರೆಕಾರ್ಡು. ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ನೆನಪಿನಿಂದ ಇಳಿಸುವುದು. ಅವಿಭಾಜ್ಯ ಸಂಖ್ಯೆಯ ಪ್ರೋಗ್ರಾಮು ಬಾಯಿಪಾಠವಿದ್ದವನಿಗೆ ತನ್ನದೇ ಸರ್ವೆ ಲೆಕ್ಕವನ್ನು ಅದರಿಂದ ಮಾಡಿಸಬಹುದೆಂದು ಹೊಳೆಯುವ ಸಂದರ್ಭವೇ ಬರಲಿಲ್ಲ.

2021-22ರಲ್ಲಿ ಹೊಸ ಶಿಕ್ಷಣ ನೀತಿಯಡಿ ಕರ್ನಾಟಕದ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೂ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆ ಬಂತು. ಕೃತಕ ಬುದ್ಧಿಮತ್ತೆ, ಕ್ಲೌಡ್, ಸೈಬರ್ ಭದ್ರತೆ ಎಲ್ಲದರ ಪರಿಚಯವೂ ಅದರಲ್ಲಿತ್ತು. 1963ರ ‘ಎಲ್ಲರಿಗೂ’ ಇಷ್ಟು ವಿಶಾಲವಾಗಿರಲಿಲ್ಲ. ಕಲಾ ವಿಭಾಗದ ಹುಡುಗಿಯ ತನಕ ಅದು ಬಂದದ್ದು ಈ ಪತ್ರಿಕೆಯೊಂದಿಗೇ. ಆದರೆ ಆಕೆ ಇತಿಹಾಸ ಓದುವವಳಾಗಿದ್ದರೆ, ತಾನು ಕೂಡಿಹಾಕಿದ ಶಾಸನಗಳ ಪಟ್ಟಿಯನ್ನು ಅರಸುವಾರು ಜೋಡಿಸಲು ಹತ್ತು ಸಾಲಿನ ಪ್ರೋಗ್ರಾಮು ಬರೆಯುವುದನ್ನು ಅದು ಹೇಳಿಕೊಡಲಿಲ್ಲ. 2024-25ರಲ್ಲಿ ರಾಜ್ಯ ಆ ನೀತಿಯ ಪಠ್ಯಕ್ರಮವನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು.