ಮಾತು ನಡಾವಳಿಗೆ ಬರಲಿ

ಮಹಾನಗರ ಪಾಲಿಕೆಯ ಕೌನ್ಸಿಲ್ ಸಭೆಯನ್ನು ಸಾರ್ವಜನಿಕರು ಗ್ಯಾಲರಿಯಲ್ಲಿ ಕೂತು ನೋಡಬಹುದು, ಆದರೆ ಬಾಯಿ ತೆರೆಯುವಂತಿಲ್ಲ. ಚರ್ಚೆ ಅವರ ಬೀದಿಯ ಚರಂಡಿಯದ್ದೇ ಆಗಿರಲಿ, ಮಾತಾಡುವವರು ಕಾರ್ಪೊರೇಟರುಗಳು, ಉತ್ತರ ಕೊಡುವವರು ಅಧಿಕಾರಿಗಳು. ಪಾಲಿಕೆಯ ಗಡಿ ದಾಟಿ ಪಕ್ಕದ ಹಳ್ಳಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಗ್ರಾಮ ಸಭೆ ಸೇರಿದಾಗ ಶಾಮಿಯಾನದ ಅಂಚಿನಲ್ಲಿ ನಿಂತ ಅಜ್ಜನೂ ಕೂಲಿ ಬಿಟ್ಟು ಬಂದ ಹೆಂಗಸೂ ನೋಡಲು ಬಂದವರಲ್ಲ, ಅಹವಾಲು ಹೊತ್ತು ಬಂದವರೂ ಅಲ್ಲ. ಅವರು ಆ ಸಭೆಯ ಸದಸ್ಯರು.

ಈ ಸದಸ್ಯತ್ವವನ್ನು ಕೊಟ್ಟಿರುವುದು ಸಂವಿಧಾನ. 1992ರ 73ನೇ ತಿದ್ದುಪಡಿಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಐದು ವರ್ಷಕ್ಕೊಮ್ಮೆ ಚುನಾಯಿತರಾಗುವ ಪಂಚಾಯತಿ ಸದಸ್ಯರು ತಿಂಗಳ ಸಾಮಾನ್ಯ ಸಭೆಯಲ್ಲಿ ಕೂತು ತೀರ್ಮಾನ ಮಾಡುತ್ತಾರೆ. ಆ ತೀರ್ಮಾನಗಳ ಬಗ್ಗೆ ಅವರನ್ನು ಪ್ರಶ್ನಿಸಲು ಊರಿನವರಿಗೆ ಗ್ರಾಮ ಸಭೆ ಇದೆ.

ಕರ್ನಾಟಕದಲ್ಲಿ ಊರಿನವರ ಸಭೆಗೆ ಮೂರು ಹಂತಗಳಿವೆ. 1993ರ ಪಂಚಾಯತ್ ರಾಜ್ ಕಾಯ್ದೆಗೆ 2015ರಲ್ಲಿ ದೊಡ್ಡ ತಿದ್ದುಪಡಿಯಾಗಿ ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿತು. ಆಗಲೇ ಜನವಸತಿ ಸಭೆ ಎಂಬ ಹೊಸ ಮೆಟ್ಟಿಲೂ ಬಂತು. ಹಟ್ಟಿ, ತಾಂಡಾ, ಹಾಡಿಯಂಥ ಸಣ್ಣ ನೆಲೆಯ ಜನ ಮೊದಲು ತಮ್ಮಲ್ಲೇ ಸೇರಿ ಬೇಡಿಕೆ ಪಟ್ಟಿ ಮಾಡಿಕೊಳ್ಳಬೇಕೆಂಬುದು ಇದರ ಉದ್ದೇಶ. ಆ ಪಟ್ಟಿ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮ ಸಭೆಗೆ ಹೋಗುತ್ತದೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು.

ಕೋರಂ, ಅಂದರೆ ಕನಿಷ್ಠ ಹಾಜರಿಯ ಲೆಕ್ಕವನ್ನೂ ಕಾನೂನು ಹೇಳಿದೆ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 20 ಮಂದಿ, ಗ್ರಾಮ ಸಭೆಗೆ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಎರಡರಲ್ಲೂ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಬಂದವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜನಸಂಖ್ಯೆಗೆ ತಕ್ಕಷ್ಟಿರಬೇಕು. ಈ ಅಂಕಿಗಳನ್ನು ತಿಳಿದವರು ಸಭೆ ಶುರುವಾಗುವ ಮುಂಚೆಯೇ “ಸ್ವಾಮಿ, ಕೋರಂ ಆಗಿದೆಯಾ? ಪುಸ್ತಕ ತೋರಿಸಿ” ಎಂದು ಕೇಳುತ್ತಾರೆ. ಕಾಗದದ ಮೇಲಷ್ಟೇ ಸಭೆ ನಡೆಸಿ, ಮನೆಮನೆಗೆ ಹಾಜರಿ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಸಭೆಯಲ್ಲಿ ಏನೇನು ಕೇಳಬಹುದು? ಬೀದಿ ದೀಪ ಯಾವ ಕಂಬಕ್ಕೆ ಬೇಕು, ನಲ್ಲಿ ಎಲ್ಲಿರಬೇಕು, ಸಾರ್ವಜನಿಕ ಶೌಚಾಲಯಕ್ಕೆ ಯಾವ ಜಾಗ ಎಂದು ಸೂಚಿಸುವ ಅಧಿಕಾರವನ್ನು ಕಾಯ್ದೆ ವಾರ್ಡ್ ಸಭೆಗೆ ಕೊಟ್ಟಿದೆ. ಸರ್ಕಾರಿ ಮನೆ ಯಾರಿಗೆ ಸಿಗಬೇಕೆಂಬ ಫಲಾನುಭವಿ ಪಟ್ಟಿಗೆ ಗ್ರಾಮ ಸಭೆಯ ಒಪ್ಪಿಗೆ ಬೇಕು. ಕಳೆದ ವರ್ಷ ಬಂದ ದುಡ್ಡು ಎಷ್ಟು, ಖರ್ಚಾದದ್ದು ಎಲ್ಲಿ, ಮುಂದಿನ ಕ್ರಿಯಾ ಯೋಜನೆಯಲ್ಲಿ ಯಾವ ಕಾಮಗಾರಿ ಇದೆ ಎಂದೂ ಕೇಳಬಹುದು. ಶಾಲೆ, ಅಂಗನವಾಡಿ, ಆರೋಗ್ಯ, ಕೃಷಿ, ವಿದ್ಯುತ್ ಹೀಗೆ ಬೇರೆ ಬೇರೆ ಇಲಾಖೆಯವರನ್ನು ಸಭೆಗೆ ಕರೆಸುವುದೂ ಇದಕ್ಕಾಗಿಯೇ. ಮೇಲ್ವಿಚಾರಣೆಗೆ ಹೊರಗಿನ ಇಲಾಖೆಯ ಒಬ್ಬರು ನೋಡಲ್ ಅಧಿಕಾರಿಯಾಗಿ ಬರುತ್ತಾರೆ.

ಆದರೂ ಬಹಳ ಕಡೆ ಸಭೆಯ ಧಾಟಿ ಒಂದೇ. ಪ್ರಾರ್ಥನೆ, ಸ್ವಾಗತ, ಒಬ್ಬೊಬ್ಬ ಅಧಿಕಾರಿಯಿಂದ ತನ್ನ ಇಲಾಖೆಯ ಯೋಜನೆಗಳ ವಾಚನ. ಅಷ್ಟರಲ್ಲಿ ಮಧ್ಯಾಹ್ನ. ಮನೆ ಪಟ್ಟಿಯ ಸರದಿ ಬಂದಾಗ ಗದ್ದಲ, ಅದು ಮುಗಿದ ಕೂಡಲೇ ಅರ್ಧ ಶಾಮಿಯಾನ ಖಾಲಿ. ಉಳಿದ ವಿಷಯಗಳು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದಿದ ವೇಗದಲ್ಲೇ ‘ಸರ್ವಾನುಮತದಿಂದ ಅಂಗೀಕಾರ’ ಆಗುತ್ತವೆ.

ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ, ಕರ್ನಾಟಕವೂ ಸೇರಿ, ಸುಮಾರು 300 ಗ್ರಾಮ ಸಭೆಗಳ ಮಾತುಕತೆಯನ್ನು ದಾಖಲಿಸಿ ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಎಂಬ ವಿದ್ವಾಂಸರು ಅಧ್ಯಯನ ನಡೆಸಿದರು. ಅವರ ಪುಸ್ತಕ 2018ರಲ್ಲಿ ಪ್ರಕಟವಾಯಿತು. ಓದು ಬರಹ ಬಾರದವರೂ ಈ ಸಭೆಗಳಲ್ಲಿ ಎದ್ದು ನಿಂತು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವುದು ಅದರಲ್ಲಿ ದಾಖಲಾಗಿದೆ. ವಿಜಯೇಂದ್ರ ರಾವ್ ಮತ್ತಿಬ್ಬರ ಜೊತೆ ತಮಿಳುನಾಡಿನ ಸಭೆಗಳನ್ನು ಹೀಗೆಯೇ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅಷ್ಟು ಹಿತವಲ್ಲದ ಸಂಗತಿಯಿದೆ. ಹೆಂಗಸರು ಸಭೆಗೆ ಬಂದರೂ ಗಂಡಸರಷ್ಟು ಮಾತಾಡುವುದಿಲ್ಲ. ಮಾತಾಡಿದರೂ ಅವರೆತ್ತಿದ ವಿಷಯ ಮುಂದೆ ಸಾಗುವುದು ಕಡಿಮೆ, ಅಧಿಕಾರಿಗಳಿಂದ ಸರಿಯಾದ ಉತ್ತರ ಸಿಗುವುದೂ ಕಡಿಮೆ. ಮೀಸಲಾತಿಯಿಂದ ಮಹಿಳೆ ಅಧ್ಯಕ್ಷರಾಗಿದ್ದ ಕಡೆ ಹೆಂಗಸರು ಹೆಚ್ಚು ಮಾತಾಡದಿದ್ದರೂ ಉತ್ತರ ಮಾತ್ರ ಹೆಚ್ಚು ಸಿಕ್ಕಿತ್ತು.

ಕೇರಳ ಈ ತೊಡಕಿಗೆ ಬೇರೆ ದಾರಿ ಹಿಡಿಯಿತು. 1996ರಲ್ಲಿ ಅಲ್ಲಿ ಜನಯೋಜನೆ ಆಂದೋಲನ ಶುರುವಾದಾಗ ಗ್ರಾಮ ಸಭೆಯ ಉದ್ಘಾಟನೆ ಮುಗಿದ ಮೇಲೆ ಜನರನ್ನು ಕೃಷಿ, ನೀರು, ಶಿಕ್ಷಣ ಎಂದು ಸಣ್ಣ ಗುಂಪುಗಳಾಗಿ ಕೂರಿಸಿದರು. ನೂರಾರು ಜನರೆದುರು ಮೈಕು ಹಿಡಿಯಲು ಅಳುಕುವವರು ಹತ್ತಿಪ್ಪತ್ತು ಮಂದಿಯ ನಡುವೆ ಸಲೀಸಾಗಿ ಮಾತಾಡುತ್ತಾರೆ. ನಮ್ಮಲ್ಲಿ ಗ್ರಾಮ ಸಭೆಗೆ ಮುಂಚೆ ಪ್ರತ್ಯೇಕ ಮಹಿಳಾ ಗ್ರಾಮ ಸಭೆ ನಡೆಸುವುದರ ಹಿಂದಿರುವುದೂ ಇದೇ ಯೋಚನೆ.

ಮಕ್ಕಳ ಮಾತನ್ನು ಕೇಳುವ ಏರ್ಪಾಡಿನಲ್ಲಿ ಮಾತ್ರ ಕರ್ನಾಟಕ ಉಳಿದವರಿಗಿಂತ ಮುಂದೆ ಹೋಯಿತು. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯತಿಗಳು ಬೇರೂರಿದವು. ಮಳೆಗಾಲದಲ್ಲಿ ಹೊಳೆ ದಾಟಲು ಕಾಲುಸಂಕ ಬೇಕು ಎಂಬಂಥ, ದೊಡ್ಡವರ ಪಟ್ಟಿಯಲ್ಲಿ ಕೊನೆಗೆ ಬೀಳುವ ಬೇಡಿಕೆಗಳು ಅಲ್ಲಿ ಮೊದಲ ಸಾಲಿಗೆ ಬಂದವು. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಆದೇಶ ಹೊರಡಿಸಿತು. ಮತದಾನದ ವಯಸ್ಸಾಗದವರು ಪಿಡಿಒ ಎದುರು ನಿಂತು ಶಾಲೆಯ ಶೌಚಾಲಯದ ಬಾಗಿಲು ಯಾವಾಗ ಬರುತ್ತದೆ ಎಂದು ಕೇಳುವುದು ಇಲ್ಲೀಗ ವಾಡಿಕೆ.

ಇನ್ನು ಮಾತಾಡುವ ಬಗೆ. “ನಮ್ಮ ಕೇರಿಗೆ ನೀರೇ ಬರ್ತಿಲ್ಲ” ಎಂದರೆ “ನೋಡೋಣ” ಎಂಬ ಉತ್ತರ ಬರುತ್ತದೆ. ಅದನ್ನೇ “ಮಾರಮ್ಮನ ಗುಡಿ ಹಿಂದಿನ 14 ಮನೆಗೆ ಮೂರು ವಾರದಿಂದ ನೀರಿಲ್ಲ, ಬೋರಿನ ಮೋಟಾರು ಸುಟ್ಟಿದೆ, ಯಾವ ತಾರೀಕಿಗೆ ರಿಪೇರಿ ಆಗುತ್ತೆ, ಯಾರು ಮಾಡಿಸ್ತೀರಿ?” ಎಂದು ಕೇಳಿದರೆ ನುಣುಚಿಕೊಳ್ಳುವುದು ಕಷ್ಟ. ಜಾಗ, ಮನೆ ಲೆಕ್ಕ, ಎಷ್ಟು ದಿನದಿಂದ, ಯಾರ ಹೊಣೆ: ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಎರಡು ನಿಮಿಷ ಸಾಕು. ಅದೇ ಚೀಟಿಯನ್ನು ಅರ್ಜಿಯಾಗಿಸಿ, ಕೇರಿಯವರ ಸಹಿ ಹಾಕಿಸಿ, ಸಭೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯುವುದು ಇನ್ನೂ ಗಟ್ಟಿ. ಒಬ್ಬರು ವಿಷಯ ಎತ್ತಿದಾಗ ಅದೇ ಕೇರಿಯ ಇನ್ನಿಬ್ಬರು ಎದ್ದು “ಹೌದು” ಎಂದರೆ ಅದು ಒಬ್ಬರ ತಕರಾರಾಗಿ ಉಳಿಯುವುದಿಲ್ಲ.

ಎಷ್ಟೇ ಜೋರಾಗಿ ಹೇಳಿದರೂ ನಡಾವಳಿ ಪುಸ್ತಕದಲ್ಲಿ ಬರೆಯದ ಮಾತು ಸಭೆಯಲ್ಲಿ ಆಡದ ಮಾತಿಗೆ ಸಮ. ಸಾಮಾನ್ಯವಾಗಿ ಜನ ಸೋಲುವುದು ಇಲ್ಲಿಯೇ. ಸಭೆ ಮುಗಿಯುವ ಮುನ್ನ “ನಮ್ಮ ವಿಷಯ ಬರೆದುಕೊಂಡಿರಾ? ಓದಿ ಹೇಳಿ” ಎಂದು ಕೇಳಬೇಕು. ಠರಾವು ಆಗಿದ್ದರೆ ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ನಡಾವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ದಾಟಬಾರದು. ಸಭೆಯನ್ನೇ ಕರೆಯದ ಪಂಚಾಯತಿಯ ಬಗ್ಗೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಬರಹದಲ್ಲಿ ದೂರು ಕೊಡಬಹುದು. ಸದಸ್ಯರಲ್ಲಿ ಶೇ. 10ರಷ್ಟು ಜನ ವಿಷಯ ನಮೂದಿಸಿ ಕೇಳಿದರೆ ವಿಶೇಷ ಗ್ರಾಮ ಸಭೆಯನ್ನೂ ಕರೆಯಬೇಕಾಗುತ್ತದೆ. ಮುಂದಿನ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಅನುಪಾಲನಾ ವರದಿ, ಅಂದರೆ ಕಳೆದ ಸಲದ ಠರಾವುಗಳು ಏನಾದವು ಎಂಬ ಲೆಕ್ಕ.

ಬರೆದಿಟ್ಟ ಠರಾವಿನ ಬಲ ಎಷ್ಟೆಂದು 2013ರಲ್ಲಿ ಒಡಿಶಾದ ನಿಯಮಗಿರಿ ತೋರಿಸಿತು. ಅಲ್ಲಿ ವೇದಾಂತ ಕಂಪನಿಯ ಅಲ್ಯೂಮಿನಾ ಕಾರ್ಖಾನೆಗಾಗಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ಮಾಡಬೇಕೇ ಎಂಬ ಪ್ರಶ್ನೆಯಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ನೆಲೆಯಲ್ಲಿ ಅದನ್ನು ಗ್ರಾಮ ಸಭೆಗಳ ಮುಂದಿಡುವಂತೆ ಸುಪ್ರೀಂ ಕೋರ್ಟ್ ಹೇಳಿತು. ರಾಯಗಡ ಮತ್ತು ಕಾಲಾಹಂಡಿ ಜಿಲ್ಲೆಗಳ 12 ಹಳ್ಳಿಗಳಲ್ಲಿ ಸಭೆ ಸೇರಿತು. ಆ ಬೆಟ್ಟದ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂದರು ಮತ್ತು ಅವರ ನೆರೆಯವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಹನ್ನೆರಡೂ ಸಭೆಗಳು ಬೇಡವೆಂದವು, ಗಣಿಗಾರಿಕೆಯ ಯೋಜನೆ ನಿಂತಿತು.

ನಗರದವರ ಪಾಡು ಇದಕ್ಕೆ ಹೋಲಿಸಿದರೆ ಬಡವಾದದ್ದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿತು. ಕರ್ನಾಟಕ ತನ್ನ ಪಾಲಿಕೆ ಕಾಯ್ದೆಯಲ್ಲಿ ಅದಕ್ಕೆ ವಿವರವಾದ ಜಾಗ ಮಾಡಿಕೊಟ್ಟದ್ದು 2011ರಲ್ಲಿ, ನಿಯಮ ಬಂದದ್ದು 2016ರಲ್ಲಿ. ಬೆಂಗಳೂರಿನಲ್ಲಿ ಕಸ ವಿಲೇವಾರಿಯ ಮೊಕದ್ದಮೆಯ ನಡುವೆ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಸಮಿತಿಗಳಿಗೆ ಜೀವ ಬಂತು. ತಿಂಗಳ ಮೊದಲ ಶನಿವಾರ ವಾರ್ಡ್ ಕಚೇರಿಯಲ್ಲಿ ಸೇರಿ ಗುಂಡಿ, ಕಸ, ಬೀದಿ ದೀಪದ ಮಾತಾಡುವ ಪದ್ಧತಿ ಬೆಳೆಯಿತು. ಮಂಗಳೂರಿನಲ್ಲೂ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಸಮಿತಿಗಳು ಬಂದದ್ದು.

ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು. ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಆದರೆ ಬೆಂಗಳೂರಿನ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಕಾರ್ಪೊರೇಟರುಗಳೇ ಇಲ್ಲದಂತಾಯಿತು. 2025ರ ಸೆಪ್ಟೆಂಬರಿನಲ್ಲಿ ನಗರದ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ನಿವಾಸಿ ಸಂಘಗಳಿಗೆ ಮೀಸಲಾದ ಸೀಟುಗಳದ್ದು ಇನ್ನೊಂದು ಸಮಸ್ಯೆ. ಬಡಾವಣೆಗಳಲ್ಲಿ ಲೆಟರ್‌ಹೆಡ್ ಇರುವ, ನೋಂದಣಿಯಾದ ಸಂಘಗಳಿವೆ. ಕೊಳೆಗೇರಿಗಳಲ್ಲಿ ಅಂಥವು ವಿರಳ. ಸಮಿತಿಯ ಆಚೆಗೆ 2011ರ ತಿದ್ದುಪಡಿ ‘ಏರಿಯಾ ಸಭೆ’ ಎಂಬುದನ್ನೂ ತಂದಿತ್ತು. ಮತಗಟ್ಟೆ ವ್ಯಾಪ್ತಿಯ ಎಲ್ಲ ಮತದಾರರೂ, ಲೇಔಟಿನವರೂ ಕೊಳೆಗೇರಿಯವರೂ, ಅದರ ಸದಸ್ಯರು. ನಗರಕ್ಕೆ ಗ್ರಾಮ ಸಭೆಯಂಥದ್ದು ಬೇಕೆಂದು ಕೇಳುವವರು ಹೊಸ ಕಾನೂನು ಕೇಳಬೇಕಿಲ್ಲ, ಆ ಏರಿಯಾ ಸಭೆ ಯಾವ ತಾರೀಕಿಗೆ ಎಂದು ಕೇಳಿದರೆ ಸಾಕು.