ಒಂದೇ ತಟ್ಟೆಯ ಪಾಠ

ಬಾಲಿಯಿಂದ ಪೂರ್ವಕ್ಕೆ ಜಲಸಂಧಿ ದಾಟಿದರೆ ಇಂಡೊನೇಷ್ಯಾದ ಲೊಂಬೊಕ್ ದ್ವೀಪ. ‘ಸಾವಿರ ಮಸೀದಿಗಳ ದ್ವೀಪ’ ಎಂದೇ ಇದಕ್ಕೆ ಹೆಸರು. ಇಲ್ಲಿನ ಸಾಸಕ್ ಜನ ಬಹುಪಾಲು ಮುಸ್ಲಿಮರು. ಧರ್ಮಗುರುವನ್ನು ಅವರು ‘ತುವಾನ್ ಗುರು’ ಎಂದು ಗೌರವಿಸುತ್ತಾರೆ. ಓದಿನಲ್ಲಷ್ಟೇ ಅಲ್ಲ, ಊರಿನ ವ್ಯವಹಾರದಲ್ಲೂ ಈ ಗುರುಗಳ ಮಾತಿಗೆ ತೂಕವಿದೆ.

ಈ ಪರಂಪರೆಯನ್ನು ಶಾಲೆಯಾಗಿ ಬೆಳೆಸಿದವರಲ್ಲಿ ಪ್ರಮುಖರು ಪಂಚೋರ್ ಊರಿನ ಮುಹಮ್ಮದ್ ಝೈನುದ್ದೀನ್ ಅಬ್ದುಲ್ ಮಜೀದ್. ಅವರು ಮೆಕ್ಕಾದಲ್ಲಿ ಓದಿದ್ದು ಸೌಲತಿಯಾ ಮದರಸಾದಲ್ಲಿ. ಅದನ್ನು ಕಟ್ಟಿದವರು ಭಾರತದಿಂದ ಹೋದ ವಿದ್ವಾಂಸ ರಹಮತುಲ್ಲಾ ಕೈರಾನವಿ. ಹಣ ಕೊಟ್ಟವರು ಕಲ್ಕತ್ತದ ಸೌಲತುನ್ನೀಸಾ ಎಂಬ ಮಹಿಳೆ. ತವರಿಗೆ ಮರಳಿದ ಮಜೀದ್ 1937ರಲ್ಲಿ ಹುಡುಗರಿಗೆ, 1943ರಲ್ಲಿ ಹುಡುಗಿಯರಿಗೆ ಮದರಸಾ ತೆರೆದರು. 1953ರಲ್ಲಿ ‘ನಹ್ದತುಲ್ ವತನ್’ ಸಂಘಟನೆ ಕಟ್ಟಿದರು. 2017ರಲ್ಲಿ ಸರ್ಕಾರ ಅವರನ್ನು ರಾಷ್ಟ್ರವೀರರೆಂದು ಘೋಷಿಸಿತು.

ಮದರಸಾ ಇರಲಿ, ಸರ್ಕಾರಿ ಶಾಲೆ ಇರಲಿ, ನಡತೆ ಕಲಿಸುವ ಧರ್ಮಶಿಕ್ಷಕರಿಗೆ ಊರಿನ ಆಚಾರವೇ ಕೈಗೆ ಸಿಗುವ ಸಾಧನ. ಹಬ್ಬದ ದಿನ ದೊಡ್ಡ ತಟ್ಟೆಯೊಂದರ ಸುತ್ತ ಕೆಲವರು ಕೂತು ಒಟ್ಟಿಗೆ ಉಣ್ಣುವುದು ‘ಬೆಗಿಬುಂಗ್’. ಸಿರಿವಂತನ ಮಗನೂ ಕೂಲಿಯವನ ಮಗನೂ ಒಂದೇ ತಟ್ಟೆಗೆ ಕೈಹಾಕಿದಾಗ, ಸಮಾನತೆಯ ಕುರಿತು ಬೇರೆ ಉಪದೇಶ ಬೇಕಿಲ್ಲ. ಸಾಸಕ್ ಭಾಷೆಯಲ್ಲಿ ಹಿರಿಯರೊಡನೆ ಆಡುವ ಮಾತೇ ಬೇರೆ: ‘ಹೌದು’ ಎನ್ನಲು ‘ಇಂಗ್ಗಿಹ್’, ತನ್ನನ್ನು ಹೇಳಿಕೊಳ್ಳಲು ‘ತಿಯಾಂಗ್’. ವಿನಯ ನಾಲಿಗೆಗೆ ಹೀಗೆ ರೂಢಿಯಾಗುತ್ತದೆ. ಬೆತ್ತವನ್ನೂ ಚರ್ಮದ ಗುರಾಣಿಯನ್ನೂ ಹಿಡಿದು ಸೆಣಸುವ ‘ಪೆರೆಸೆಯನ್’ ಆಟ ಮುಗಿದಾಗ ಎದುರಾಳಿಗಳು ಅಪ್ಪಿಕೊಳ್ಳುತ್ತಾರೆ. ಹಗೆಯನ್ನು ಕಣದಲ್ಲೇ ಬಿಡಬೇಕೆಂಬ ಪಾಠ ಅಲ್ಲಿದೆ. ಧರ್ಮದ ಕಥೆ ಹೇಳಲೂ ಊರಿನ ಕಲೆಯೇ ನೆರವು: ಪ್ರವಾದಿಯವರ ಚಿಕ್ಕಪ್ಪ ಅಮೀರ್ ಹಂಜಾರ ಸಾಹಸಕಥೆಗಳನ್ನು ಸಾಸಕ್ ತೊಗಲುಗೊಂಬೆಯಾಟ ಶತಮಾನಗಳಿಂದ ಹೇಳುತ್ತ ಬಂದಿದೆ.

ಹಾಗೆಂದು ಊರಿನ ಆಚಾರವೆಲ್ಲ ತರಗತಿಗೆ ಬರುವುದಿಲ್ಲ. ಉತ್ತರದ ಬಾಯಾನ್ ಸುತ್ತ ಹಿರಿಯರ ಆರಾಧನೆಯನ್ನೂ ಇಸ್ಲಾಮನ್ನೂ ಬೆಸೆದ ‘ವೆತು ತೆಲು’ ಪದ್ಧತಿ ಉಳಿದುಕೊಂಡಿದೆ. ಅದನ್ನು ಪಾಲಿಸುವವರನ್ನು ಐದು ಹೊತ್ತಿನ ನಮಾಜಿಗೆ ತರಲು ತುವಾನ್ ಗುರುಗಳು ದಶಕಗಳ ಕಾಲ ದುಡಿದರು. ಆ ತಿಕ್ಕಾಟದ ನೆನಪು ಮಾಸಿಲ್ಲ. ಆದ್ದರಿಂದ ಶಿಕ್ಷಕರ ಕೆಲಸದಲ್ಲಿ ಬೋಧನೆಯಷ್ಟೇ ಆಯ್ಕೆಯೂ ಇದೆ. ಧರ್ಮ ಒಪ್ಪುವ ರೂಢಿ ಪಾಠವಾಗುತ್ತದೆ. ಒಪ್ಪದ್ದನ್ನು ಮಕ್ಕಳು ಅಜ್ಜ ಅಜ್ಜಿಯರಿಂದಲೇ ತಿಳಿಯಬೇಕು.